ಪಿಚ್ಚರ್ ಬಾಡಿಗೆಗೆ, ಬೀಗದ ಕೈ ಅವರ ಹತ್ತಿರ

ತಿಪಟೂರಿನಲ್ಲಿ ಅಪ್ಪ ವಿಡಿಯೋ ಕ್ಯಾಸೆಟ್ ಲೈಬ್ರರಿ ಇಟ್ಟಿದ್ದರು. 1987ರಿಂದ 2003ರವರೆಗೆ. ಕೊಬ್ಬರಿ ಮಂಡಿಗಳ ಸಾಲಿನಲ್ಲಿ ಹತ್ತಡಿ ಅಗಲದ ಅಂಗಡಿ. ಕ್ಯಾಸೆಟ್ ಒಂದಕ್ಕೆ ದಿನಕ್ಕೆ ₹10. ವಿಸಿಆರ್, ಕಲರ್ ಟಿವಿ ಎರಡೂ ಬೇಕೆಂದರೆ ರಾತ್ರಿಗೆ ₹100, ಜೊತೆಗೆ ಅಡ್ವಾನ್ಸು. ಟಿವಿಯನ್ನು ಸೈಕಲ್ ಕ್ಯಾರಿಯರ್ ಮೇಲೆ ಹಗ್ಗ ಕಟ್ಟಿ ಮದುವೆ ಮನೆಗೆ ತಲುಪಿಸುವುದು ನನ್ನ ಕೆಲಸ. ಹೀಗಾಗಿ ಸಿನಿಮಾ ಬಾಡಿಗೆ ಅಂದರೆ ನನಗೆ ಸುಮ್ನೆ ಒಂದು ಬಟನ್ ಅಲ್ಲ, ನಮ್ಮ ಮನೆಯ ಅನ್ನ.

ಈಗ ನಾನು ಶಿವಮೊಗ್ಗದಲ್ಲಿ ಸಹಕಾರಿ ಬ್ಯಾಂಕೊಂದರಲ್ಲಿ ಕೆಲಸ ಮಾಡುತ್ತೇನೆ. ಅಪ್ಪ ನಮ್ಮ ಜೊತೆಗೇ ಇದ್ದಾರೆ. ಮಗಳು ಪಿಯುಸಿ. ಮೂರು ಓಟಿಟಿಗೆ ತಿಂಗಳು ತಿಂಗಳು ದುಡ್ಡು ಕಟ್ಟಿ ಸಾಕಾಗಿ, ಎರಡನ್ನು ನಿಲ್ಲಿಸಿದೆ. ಬೇಕಾದಾಗ ಒಂದೊಂದೇ ಪಿಚ್ಚರ್ ಬಾಡಿಗೆಗೆ ತಗೊಂಡರೆ ಹೇಗೆ ಅಂತ ಲೆಕ್ಕ ಹಾಕಿದೆ. ಎರಡು ತಿಂಗಳಲ್ಲಿ 11 ಪಿಚ್ಚರ್ ಆಯಿತು. ಬೇಕಂತಲೇ ಬೇರೆ ಬೇರೆ ಕಡೆ, ಬೇರೆ ಬೇರೆ ಸಾಧನದಲ್ಲಿ ನೋಡಿದೆ. ಟಿವಿ 43 ಇಂಚಿನ 4ಕೆ, ಗೂಗಲ್ ಟಿವಿ ಇರುವಂಥದ್ದು. ವಿಂಡೋಸ್ ಲ್ಯಾಪ್‌ಟಾಪ್ ಒಂದು, ಆಂಡ್ರಾಯ್ಡ್ ಫೋನು ಎರಡು. ಮನೆಗೆ 100 ಎಂಬಿಪಿಎಸ್ ಫೈಬರ್ ಲೈನ್ ಇದೆ. ನೆಟ್ ಸಾಲಲಿಲ್ಲ ಅನ್ನುವ ನೆಪ ಯಾರೂ ಹೇಳುವ ಹಾಗಿಲ್ಲ.

ಮೊದಲು ಅಂಗಡಿ ಯಾವುವು ಅಂತ ಹೇಳಿಬಿಡುತ್ತೇನೆ. ಆಪಲ್‌ನ ಐಟ್ಯೂನ್ಸ್ ಅಂಗಡಿ ನಮ್ಮ ದೇಶಕ್ಕೆ ಬಂದದ್ದು 2012ರ ಡಿಸೆಂಬರ್‌ನಲ್ಲಿ. ಈಗ ಅದರ ಸಿನಿಮಾ ಭಾಗ ಆಪಲ್ ಟಿವಿ ಆಪ್ ಒಳಗಿದೆ. ಗೂಗಲ್ ಪ್ಲೇ ಮೂವೀಸ್ ಅಂತ ಒಂದಿತ್ತಲ್ಲ, 2024ರ ಜನವರಿಯಲ್ಲಿ ಅದರ ಬಾಗಿಲು ಹಾಕಿದರು. ಸಾಮಾನೆಲ್ಲ ಯೂಟ್ಯೂಬ್ ಮತ್ತು ಗೂಗಲ್ ಟಿವಿಗೆ ಹೋಯಿತು. ಬುಕ್‌ಮೈಶೋ 2021ರ ಫೆಬ್ರವರಿಯಲ್ಲಿ ‘ಸ್ಟ್ರೀಮ್’ ಶುರು ಮಾಡಿತು. ಪ್ರೈಮ್ ವಿಡಿಯೋದಲ್ಲಿ ಬಾಡಿಗೆ ಶುರುವಾದದ್ದು 2022ರ ಏಪ್ರಿಲ್‌ನಲ್ಲಿ. ಅದಕ್ಕೆ ಪ್ರೈಮ್ ಸದಸ್ಯರಾಗಿರಬೇಕು ಅಂತೇನಿಲ್ಲ. ಇದು ಬಹಳ ಜನಕ್ಕೆ ಗೊತ್ತಿಲ್ಲ, ನಮ್ಮ ಬ್ಯಾಂಕಿನಲ್ಲಿ ಕೇಳಿದ ಐದು ಜನರಲ್ಲಿ ನಾಲ್ಕು ಜನ ‘ಹೌದಾ?’ ಅಂದರು.

ಎಡವಟ್ಟಾದ ಕಡೆ ನಾನು ಅಂಗಡಿಯ ಹೆಸರು ಹೇಳುವುದಿಲ್ಲ. ಇದು ಅಪ್ಪನಿಂದ ಬಂದ ಅಭ್ಯಾಸ. ಪೇಟೆಯಲ್ಲಿ ಇನ್ನೊಂದು ಲೈಬ್ರರಿ ಇತ್ತು. ಗಿರಾಕಿಗಳು ಅದನ್ನು ಎಷ್ಟೇ ಬೈದರೂ ಅಪ್ಪ ಹೂಂ ಅನ್ನುತ್ತಿರಲಿಲ್ಲ, ಉಹೂಂ ಅನ್ನುತ್ತಿರಲಿಲ್ಲ, ರಿಜಿಸ್ಟರ್ ಬರೆಯುತ್ತಾ ಕೂತಿರುತ್ತಿದ್ದರು. ಅದೂ ಅಲ್ಲದೆ, ನನ್ನ ಮನೆಯಲ್ಲಿ ಆದದ್ದು ನಿಮ್ಮ ಮನೆಯಲ್ಲಿ ಆಗದೆಯೂ ಇರಬಹುದು. ಯಾಕೆ ಅಂತ ಮುಂದೆ ಹೇಳುತ್ತೇನೆ. ಈ ಬರಹದ ವಿಷಯವೇ ಅದು.

ಮೊದಲ ಪಿಚ್ಚರ್ ಲ್ಯಾಪ್‌ಟಾಪಿನಲ್ಲಿ. ಮನೆಯವಳು ಟಿವಿಯಲ್ಲಿ ಧಾರಾವಾಹಿ ನೋಡುತ್ತಿದ್ದಳು, ನಾನು ಇಯರ್‌ಫೋನ್ ಹಾಕಿಕೊಂಡು ಮೂಲೆಯಲ್ಲಿ ಕೂತೆ. ಎಚ್‌ಡಿ ಅಂತ ಬರೆದಿತ್ತು, ₹120. ಅದೇ ಪಿಚ್ಚರ್ ಎಸ್‌ಡಿಯಲ್ಲಿ, ಅಂದರೆ ಅದಕ್ಕಿಂತ ಕೆಳ ದರ್ಜೆಯ ಚಿತ್ರದಲ್ಲಿ, ₹80. ₹40 ತಾನೇ ಅಂತ ಎಚ್‌ಡಿ ತಗೊಂಡೆ. ಶುರುವಾಗಿ ಐದು ನಿಮಿಷಕ್ಕೆ ಏನೋ ಸರಿಯಿಲ್ಲ ಅನ್ನಿಸಿತು. ನಾಯಕನ ಗಡ್ಡದಲ್ಲಿ ಕೂದಲು ಕಾಣುತ್ತಿಲ್ಲ, ಕಪ್ಪು ಬಣ್ಣ ಬಳಿದ ಹಾಗಿದೆ. ಹಿಂದಿನ ಗೋಡೆಯ ಮೇಲಿನ ಕ್ಯಾಲೆಂಡರ್‌ನ ತಾರೀಖು ಓದಲಾಗುತ್ತಿಲ್ಲ. ಕನ್ನಡಕ ಒರೆಸಿಕೊಂಡೆ. ಆಮೇಲೆ ರೈಟ್ ಕ್ಲಿಕ್ ಮಾಡಿ ವಿಡಿಯೋದ ಅಂಕಿ ಅಂಶ ತೆರೆದು ನೋಡಿದರೆ 854×480.

ಒಂದು ಸಣ್ಣ ಲೆಕ್ಕ ಹೇಳುತ್ತೇನೆ. ವಿಸಿಡಿಯಲ್ಲಿ ಚಿತ್ರ 352×288, ಅಂದರೆ ಸುಮಾರು 1 ಲಕ್ಷ ಚುಕ್ಕಿ. ನಮ್ಮಲ್ಲಿ ಸಿಗುತ್ತಿದ್ದ ಡಿವಿಡಿ 720×576, ಸುಮಾರು 4 ಲಕ್ಷ. 1080ರ ಎಚ್‌ಡಿ ಅಂದರೆ 20 ಲಕ್ಷ ಮೀರುತ್ತದೆ. 4ಕೆ ಅಂದರೆ ಹತ್ತಿರ ಹತ್ತಿರ 83 ಲಕ್ಷ. ನನಗೆ ಅವತ್ತು ಬಂದದ್ದು 4 ಲಕ್ಷ. ಎಚ್‌ಡಿ ದುಡ್ಡು ಕೊಟ್ಟು, ಅಪ್ಪ ಅಂಗಡಿ ಮುಚ್ಚುವ ಹೊತ್ತಿಗೆ ಇಡುತ್ತಿದ್ದ ಡಿವಿಡಿಯ ಲೆವೆಲ್ಲಿನ ಚಿತ್ರ ನೋಡಿದೆ ಅಂತಾಯಿತು.

ಚಾಟ್‌ನಲ್ಲಿ ದೂರು ಕೊಟ್ಟೆ. ಮೊದಲು ಕ್ಯಾಶೆ ಕ್ಲಿಯರ್ ಮಾಡಿ ಅಂದರು. ಮಾಡಿದೆ. ಲಾಗೌಟ್ ಆಗಿ ಮತ್ತೆ ಬನ್ನಿ ಅಂದರು. ಬಂದೆ. ಅರ್ಧ ಗಂಟೆ ಆದಮೇಲೆ ಇನ್ನೊಬ್ಬರು ಬಂದು, ‘ಸರ್, ಯಾವ ಬ್ರೌಸರ್?’ ಅಂತ ಕೇಳಿದರು. ಕ್ರೋಮ್ ಅಂದೆ. ‘ಎಡ್ಜ್‌ನಲ್ಲಿ ಟ್ರೈ ಮಾಡಿ ಸರ್’ ಅಂದರು. ಅದೇ ಲ್ಯಾಪ್‌ಟಾಪ್, ಅದೇ ನೆಟ್, ಅದೇ ಪಿಚ್ಚರ್. ಎಡ್ಜ್‌ನಲ್ಲಿ ತೆರೆದ ಕೂಡಲೇ ಗಡ್ಡದಲ್ಲಿ ಬಿಳಿ ಕೂದಲು ಕಂಡವು. ಕ್ಯಾಲೆಂಡರ್ ಓದಲು ಬಂತು. ಅದು ಯಾವುದೋ ಬಂಗಾರದ ಅಂಗಡಿಯ ಕ್ಯಾಲೆಂಡರು.

ಇದು ಯಾಕೆ ಹೀಗೆ ಅಂತ ತಿಳಿದುಕೊಳ್ಳಲು ಒಂದು ಭಾನುವಾರ ಪೂರ್ತಿ ಹೋಯಿತು. ಬಾಡಿಗೆ ಪಿಚ್ಚರ್ ನಿಮ್ಮ ಹತ್ತಿರ ಬರುವಾಗ ಬೀಗ ಹಾಕಿದ ಗಂಟಾಗಿ ಬರುತ್ತದೆ. ಡಿಆರ್‌ಎಂ ಅನ್ನುವುದು ಆ ಬೀಗಕ್ಕೆ. ಗೂಗಲ್‌ನ ಬೀಗದ ಹೆಸರು ವೈಡ್‌ವೈನ್, ಮೈಕ್ರೋಸಾಫ್ಟ್‌ನದು ಪ್ಲೇರೆಡಿ, ಆಪಲ್‌ನದು ಫೇರ್‌ಪ್ಲೇ. ವೈಡ್‌ವೈನ್‌ನಲ್ಲಿ ದರ್ಜೆಗಳಿವೆ. ಎಲ್‌1 ಅಂದರೆ ಪ್ರೊಸೆಸರ್ ಒಳಗೇ ಒಂದು ಗಟ್ಟಿ ಕೋಣೆ. ಗಂಟು ಬಿಚ್ಚುವುದು, ಚಿತ್ರ ಮಾಡುವುದು ಎಲ್ಲ ಆ ಕೋಣೆಯ ಒಳಗೇ. ಹೊರಗಿನವರು ಯಾರೂ ಇಣುಕಲು ಆಗುವುದಿಲ್ಲ. ಎಲ್‌3 ಅಂದರೆ ಅದೇ ಕೆಲಸ ಬರೀ ಸಾಫ್ಟ್‌ವೇರಿನಲ್ಲಿ, ಹಜಾರದಲ್ಲಿ ಕೂತು ಎಲ್ಲರ ಮುಂದೆ ಗಂಟು ಬಿಚ್ಚಿದ ಹಾಗೆ. ಪಿಚ್ಚರಿನ ಮಾಲೀಕರಿಗೆ ಹಜಾರದ ಮೇಲೆ ನಂಬಿಕೆ ಇಲ್ಲ. ಅದಕ್ಕೆ ಅಲ್ಲಿಗೆ ಕಳಿಸುವುದು ಎರಡನೇ ದರ್ಜೆ ಮಾಲು. ನಾನು ನೋಡಿದಾಗ ವಿಂಡೋಸ್‌ನ ಕ್ರೋಮ್‌ನಲ್ಲಿದ್ದದ್ದು ಎಲ್‌3. ಎಡ್ಜ್ ಬಳಸಿದ್ದು ಪ್ಲೇರೆಡಿಯನ್ನು, ಅದು ಕಂಪ್ಯೂಟರಿನ ಹಾರ್ಡ್‌ವೇರ್ ಬೀಗಕ್ಕೆ ತಗಲಿಕೊಳ್ಳುತ್ತದೆ.

ಹಾಗಾಗಿ ನೀವು ₹120 ಕೊಡುವುದು ಪಿಚ್ಚರಿಗೆ. ಕಣ್ಣಿಗೆ ಎಷ್ಟು ಸಿಗುತ್ತದೆ ಅನ್ನುವುದು ನಿಮ್ಮ ಡಬ್ಬಿಯನ್ನು ಅವರು ಎಷ್ಟು ನಂಬುತ್ತಾರೆ ಅನ್ನುವುದರ ಮೇಲೆ. ಇದನ್ನು ದುಡ್ಡು ತಗೊಳ್ಳುವ ಮೊದಲು ದೊಡ್ಡ ಅಕ್ಷರದಲ್ಲಿ ಹೇಳಬೇಕಿತ್ತು. ಸಹಾಯದ ಪುಟದ ಒಳಪುಟದಲ್ಲಿ ಎಲ್ಲೋ ಬರೆದಿರುತ್ತಾರೆ, ನಿಜ. ವಿಮೆ ಕಾಗದದ ಸಣ್ಣ ಅಕ್ಷರವನ್ನೂ ಹಾಗೇ ಬರೆದಿರುತ್ತಾರೆ ಅಲ್ವಾ.

ಫೋನಿನಲ್ಲೂ ಇದೇ ಕಥೆ. ಡಿಆರ್‌ಎಂ ಇನ್ಫೋ ಅಂತ ಒಂದು ಆಪ್ ಇದೆ, ಹಾಕಿಕೊಂಡು ನೋಡಿ. ನನ್ನ ಫೋನಿನಲ್ಲಿ ಎಲ್‌1 ಬಂತು. ಮಗಳ ಹಳೇ ಫೋನಿನಲ್ಲಿ ಎಲ್‌3. ಅವಳ ಫೋನಿನ ಪರದೆ ನನ್ನದಕ್ಕಿಂತ ಚೆನ್ನಾಗಿದೆ. ಆದರೂ ಒಂದೇ ಪಿಚ್ಚರ್ ನನ್ನದರಲ್ಲಿ ಚುರುಕಾಗಿ, ಅವಳದರಲ್ಲಿ ಮಂಜು ಮಂಜಾಗಿ. ‘ಅಪ್ಪಾ, ಇದಕ್ಕೆ ಹೊಸ ಫೋನೇ ಔಷಧ’ ಅಂದಳು. ನಾನು ಕೇಳಿಸದವನ ಹಾಗೆ ಎದ್ದು ಹೋದೆ.

ಟಿವಿಯ ಆಪ್‌ನಲ್ಲಿ ಇಂಥ ಜಗಳ ಕಡಿಮೆ. ನಾಲ್ಕೂ ಕಡೆಯ ಮಾಲು ನೋಡಿದ್ದರಲ್ಲಿ ನನಗೆ ಸಿಕ್ಕ ಪಾಠ ಇದು: ಬಾಡಿಗೆಗೆ ತಗೊಂಡ ಪಿಚ್ಚರನ್ನು ಟಿವಿಯ ಒಳಗಿನ ಆಪ್‌ನಲ್ಲೇ ನೋಡಿ. ಲ್ಯಾಪ್‌ಟಾಪಿನಿಂದ ವೈರ್ ಎಳೆದು ಟಿವಿಗೆ ಚುಚ್ಚುವುದು ಬೇಡ.

ಇನ್ನು ಚಿತ್ರದ ಗುಣಮಟ್ಟದ ವಿಷಯ. ಅಪ್ಪನಿಗೆ ಹೊಸ ಕ್ಯಾಸೆಟ್ ಬಂದರೆ ಪರೀಕ್ಷೆ ಮಾಡುವ ಒಂದು ಕ್ರಮ ಇತ್ತು. ನಾಯಕಿಯ ಮುಖ ನೋಡುತ್ತಿರಲಿಲ್ಲ. ಕತ್ತಲೆಯ ಸೀನಿಗೆ ಓಡಿಸಿ ಮೂಲೆಗಳನ್ನು ನೋಡುತ್ತಿದ್ದರು. ‘ಬೆಳಕಲ್ಲಿ ಎಲ್ಲರೂ ಚೆನ್ನಾಗೇ ಕಾಣ್ತಾರೆ, ಕತ್ತಲೆ ಹೆಂಗಿದೆ ನೋಡು’ ಅನ್ನುತ್ತಿದ್ದರು. ಈಗಲೂ ಅದೇ ಪರೀಕ್ಷೆ ಸಾಕು. ರಾತ್ರಿಯ ಆಕಾಶ, ಹೊಗೆ, ಮಳೆ ನೀರು. ಇವು ಮೂರೂ ಕಂಪ್ರೆಷನ್‌ಗೆ, ಅಂದರೆ ಪಿಚ್ಚರನ್ನು ಕುಗ್ಗಿಸಿ ಕಳಿಸುವ ಕೆಲಸಕ್ಕೆ, ಶತ್ರುಗಳು. ಅಪ್ಪನ ಕಾಲದಲ್ಲಿ ಕತ್ತಲೆ ಕೆಟ್ಟರೆ ಗೆರೆ, ಚುಕ್ಕಿ ಬರುತ್ತಿತ್ತು. ವಿಸಿಆರ್ ಮುಚ್ಚಳ ತೆಗೆದು ಹೆಡ್‌ಗೆ ಹೊಸ ನೋಟನ್ನು ಮೆತ್ತಗೆ ಉಜ್ಜಿದರೆ ಸರಿಹೋಗುತ್ತಿತ್ತು. ಈಗ ಕತ್ತಲೆ ಕೆಟ್ಟರೆ ಚೌಕ ಚೌಕ ಕಾಣುತ್ತದೆ, ಅಂಗಳಕ್ಕೆ ಸಿಮೆಂಟ್ ಬಿಲ್ಲೆ ಹಾಸಿದ ಹಾಗೆ. ಉಜ್ಜಲು ಹೆಡ್ಡೂ ಇಲ್ಲ.

ಒಂದೇ ಪಿಚ್ಚರನ್ನು ಎರಡು ಕಡೆ ಬಾಡಿಗೆಗೆ ತಗೊಂಡೆ. ಹೌದು, ಎರಡು ಸಲ ದುಡ್ಡು. ಮನೆಯವಳಿಗೆ ಹೇಳಿಲ್ಲ, ಇಲ್ಲಿ ಓದಿದರೆ ಓದಲಿ. ರಾತ್ರಿ ಕಾಡಿನಲ್ಲಿ ಮಳೆ ಸುರಿಯುವ ಸೀನು ಅದರಲ್ಲಿದೆ. ಟಿವಿಯನ್ನು ಫೋನಿನ ಹಾಟ್‌ಸ್ಪಾಟ್‌ಗೆ ಹಾಕಿ, ಮೊದಲ ಒಂದು ಗಂಟೆಗೆ ಎಷ್ಟು ಡೇಟಾ ಖರ್ಚಾಯಿತು ಅಂತ ಬರೆದುಕೊಂಡೆ. ಒಂದು ಕಡೆ 1.4 ಜಿಬಿ, ಇನ್ನೊಂದು ಕಡೆ 2.6 ಜಿಬಿ. ಎರಡರ ಮೇಲೂ ಎಚ್‌ಡಿ ಅಂತಲೇ ಇತ್ತು. ಮೊದಲನೆಯದರಲ್ಲಿ ಮಳೆ ಬರೀ ಬೂದು ಪರದೆ. ಎರಡನೆಯದರಲ್ಲಿ ಎಲೆಯಿಂದ ತೊಟ್ಟಿಕ್ಕುವ ಹನಿ ಬೇರೆ ಬೇರೆಯಾಗಿ ಕಾಣುತ್ತಿತ್ತು.

ಎಚ್‌ಡಿ, 4ಕೆ ಅನ್ನುವುದು ಚುಕ್ಕಿಗಳ ಎಣಿಕೆ ಮಾತ್ರ. ಪ್ರತಿ ಸೆಕೆಂಡಿಗೆ ಎಷ್ಟು ಮಾಹಿತಿ ತುಂಬಿ ಕಳಿಸುತ್ತಾರೆ ಅನ್ನುವುದು ಬೇರೆ. ತಿಪಟೂರಿನ ಭಾಷೆಯಲ್ಲಿ ಹೇಳುವುದಾದರೆ, ಚೀಲದ ಮೇಲೆ ಬರೆದಿರುವುದು ಚೀಲದ ಅಳತೆ, ಒಳಗಿನ ಕೊಬ್ಬರಿಯ ತೂಕವಲ್ಲ. ಗಂಟೆಗೆ 1.4 ಜಿಬಿ ಅಂದರೆ ಸುಮಾರು 3 ಎಂಬಿಪಿಎಸ್. 2.6 ಜಿಬಿ ಅಂದರೆ ಸುಮಾರು 5.8. ಬ್ಲೂರೇ ಡಿಸ್ಕಿನಲ್ಲಿ ಚಿತ್ರಕ್ಕೇ 40 ಎಂಬಿಪಿಎಸ್‌ವರೆಗೂ ಜಾಗ ಇದೆ. ಹೊಸ ಕೋಡೆಕ್‌ಗಳಲ್ಲಿ, ಅಂದರೆ ಚಿತ್ರ ಕುಗ್ಗಿಸುವ ಹೊಸ ವಿಧಾನಗಳಲ್ಲಿ, ಕಡಿಮೆ ಡೇಟಾದಲ್ಲೇ ಒಳ್ಳೆ ಚಿತ್ರ ಬರುತ್ತದೆ, ಅದನ್ನೂ ಹೇಳಬೇಕು. ಬರೀ ಜಿಬಿ ನೋಡಿ ತೀರ್ಪು ಕೊಡಬಾರದು. ಆದರೆ ಮಳೆ ಹನಿ ಸುಳ್ಳು ಹೇಳುವುದಿಲ್ಲ.

ನಾನು ನೋಡಿದ್ದರಲ್ಲಿ ಅತಿ ಚೆನ್ನಾಗಿದ್ದ ಚಿತ್ರ ನನ್ನ ಮನೆಯದಲ್ಲ, ಬೆಂಗಳೂರಿನ ಬಾಮೈದನ ಮನೆಯದು. ಅವನ ಹತ್ತಿರ ಆಪಲ್ ಟಿವಿ 4ಕೆ ಡಬ್ಬಿ ಇದೆ, 55 ಇಂಚಿನ ಟಿವಿ ಇದೆ. ಒಂದು ಇಂಗ್ಲಿಷ್ ಪಿಚ್ಚರನ್ನು ₹150 ಕೊಟ್ಟು 4ಕೆಯಲ್ಲಿ ಹಾಕಿದ. ರಾತ್ರಿಯ ಸೀನಿನಲ್ಲಿ ಕಪ್ಪು ಕಪ್ಪಾಗೇ ಇತ್ತು, ಮೆಟ್ಟಿಲು ಮೆಟ್ಟಿಲಾಗಿ ಒಡೆದಿರಲಿಲ್ಲ. ದೀಪದ ಸುತ್ತಲ ಬೆಳಕು ನಯವಾಗಿ ಕರಗುತ್ತಿತ್ತು. ಅಪ್ಪ ಜೊತೆಗಿದ್ದರು. ಎದ್ದು ಟಿವಿ ಹತ್ತಿರ ಹೋಗಿ, ಮೂಲೆಗೆ ಮೂಗು ತಾಗಿಸಿ ನೋಡಿ ಬಂದು ಕೂತರು. ಏನೂ ಹೇಳಲಿಲ್ಲ. ಅವರು ಏನೂ ಹೇಳದಿದ್ದರೆ ಅದು ಫಸ್ಟ್ ಕ್ಲಾಸ್ ಅಂತ.

ಅಲ್ಲೂ ಒಂದು ತಕರಾರು ನಡೆಯಿತು, ಅದು ಆಪಲ್‌ನ ತಪ್ಪಲ್ಲ. ಮೊದಲು ಹಾಕಿದಾಗ 4ಕೆ ಬರಲೇ ಇಲ್ಲ. ಬಾಮೈದ ಡಬ್ಬಿಯನ್ನು ನೇರ ಟಿವಿಗೆ ಕೊಡದೆ, ನಡುವೆ ಹಳೇ ಹೋಮ್ ಥಿಯೇಟರ್ ಆಂಪ್ಲಿಫೈಯರ್ ಇಟ್ಟಿದ್ದ. ಡಬ್ಬಿಯಿಂದ ಟಿವಿಗೆ ಚಿತ್ರ ಒಯ್ಯುವ ಎಚ್‌ಡಿಎಂಐ ವೈರಿನಲ್ಲೂ ಒಂದು ಬೀಗ ಇರುತ್ತದೆ, ಎಚ್‌ಡಿಸಿಪಿ ಅಂತ. 4ಕೆ ಪಿಚ್ಚರಿಗೆ ಎಚ್‌ಡಿಸಿಪಿ 2.2 ಬೇಕು. ಡಬ್ಬಿ, ನಡುವಿನ ಯಂತ್ರ, ಟಿವಿ, ಮೂವರೂ ಹೂಂ ಅನ್ನಬೇಕು. ನಡುವಿನವನು ಹಳಬ. ಅವನಿಗೆ ಆ ಭಾಷೆ ಬರುವುದಿಲ್ಲ. ಅಷ್ಟಕ್ಕೇ ಚಿತ್ರ ಒಂದು ಮೆಟ್ಟಿಲು ಕೆಳಗಿಳಿಯಿತು. ವೈರ್ ಕಿತ್ತು ನೇರ ಟಿವಿಗೆ ಹಾಕಿದ ಕೂಡಲೇ ಸರಿಹೋಯಿತು. ಇನ್ನೊಂದು ಮಾತು, ಆಪಲ್‌ನಲ್ಲಿ 4ಕೆ ಪಿಚ್ಚರನ್ನು ಸ್ಟ್ರೀಮ್ ಮಾಡಿ ನೋಡಬಹುದು, 4ಕೆಯಲ್ಲೇ ಇಳಿಸಿಟ್ಟುಕೊಳ್ಳಲು ಆಗುವುದಿಲ್ಲ. ಇಳಿಸಿದರೆ ಎಚ್‌ಡಿವರೆಗೆ ಮಾತ್ರ.

ಎಚ್‌ಡಿಸಿಪಿ ನನಗೆ ಮುಖಕ್ಕೇ ಹೊಡೆದದ್ದು ದಸರೆಯಲ್ಲಿ. ತಿಪಟೂರಿನ ದೊಡ್ಡಪ್ಪನ ಮನೆಯಲ್ಲಿ ಎಲ್ಲರೂ ಸೇರಿದ್ದೆವು, 14 ಜನ. ಅಣ್ಣನ ಹತ್ತಿರ ಹಳೇ ಪ್ರೊಜೆಕ್ಟರ್ ಇತ್ತು, ಅದಕ್ಕೆ ವಿಜಿಎ ಅನ್ನುವ ಹಳೇ ಕಾಲದ ವೈರಿನ ತೂತು ಮಾತ್ರ. ಎಚ್‌ಡಿಎಂಐಯಿಂದ ವಿಜಿಎಗೆ ಬದಲಾಯಿಸುವ ಪುಟ್ಟ ಕನ್ವರ್ಟರ್ ತಂದಿದ್ದ. ಹಜಾರದ ಗೋಡೆಗೆ ಬಿಳಿ ಪಂಚೆ ಕಟ್ಟಿದೆವು. ಮಕ್ಕಳು ಮುಂದೆ, ಅತ್ತೆಯರು ಕುರ್ಚಿಯಲ್ಲಿ, ಚುರುಮುರಿ ಬಂತು. ಲ್ಯಾಪ್‌ಟಾಪಿನ ಡೆಸ್ಕ್‌ಟಾಪ್ ಪಂಚೆಯ ಮೇಲೆ ಚೆನ್ನಾಗೇ ಮೂಡಿತು. ಪಿಚ್ಚರ್ ಒತ್ತಿದೆ. ಸೌಂಡ್ ಬಂತು. ಚಿತ್ರ ಇಲ್ಲ. ಪಂಚೆ ಮೇಲೆ ಕಪ್ಪು. ವಿಜಿಎಯಲ್ಲಿ ಬೀಗ ಹಾಕುವ ವ್ಯವಸ್ಥೆಯೇ ಇಲ್ಲ, ಅದಕ್ಕೆ ಅದರೊಳಗೆ ಚಿತ್ರ ಬಿಡುವುದಿಲ್ಲ. ಕೊನೆಗೆ 14 ಜನ 15 ಇಂಚಿನ ಲ್ಯಾಪ್‌ಟಾಪ್ ಸುತ್ತ ಕೂತೆವು. ಹಿಂದೆ ಕೂತ ದೊಡ್ಡಮ್ಮ, ‘ನಿಮ್ಮಪ್ಪನ ಕಾಲದಲ್ಲೇ ವಾಸಿ ಇತ್ತು ಕಣೋ, ಊರೆಲ್ಲ ನೋಡ್ತಿತ್ತು’ ಅಂದರು.

ಅಣ್ಣನ ಮಗ, ‘ಚಿಕ್ಕಪ್ಪ, ಬೀಗ ಬಿಚ್ಚೋ ಡಬ್ಬಿ ಸಿಗುತ್ತೆ, ಆರ್ಡರ್ ಮಾಡಲಾ?’ ಅಂದ. ಬೇಡ ಅಂದೆ. ನಮ್ಮ ಕಾಪಿರೈಟ್ ಕಾಯ್ದೆಗೆ 2012ರಲ್ಲಿ 65ಎ ಅಂತ ಒಂದು ಕಲಂ ಸೇರಿಸಿದ್ದಾರೆ. ಹಕ್ಕು ಕದಿಯುವ ಉದ್ದೇಶದಿಂದ ಇಂಥ ಬೀಗ ಒಡೆದರೆ ಎರಡು ವರ್ಷದವರೆಗೆ ಜೈಲು, ಜೊತೆಗೆ ದಂಡ. ನಮ್ಮದು ಕದಿಯುವ ಉದ್ದೇಶ ಅಲ್ಲ, ಪಂಚೆ ಮೇಲೆ ಪಿಚ್ಚರ್ ನೋಡುವ ಉದ್ದೇಶ. ಆದರೂ ಬ್ಯಾಂಕ್ ನೌಕರ, ಯಾಕೆ ಬೇಕು.

ಉಪದೇಶ ಮಾಡುವ ಯೋಗ್ಯತೆ ಮಾತ್ರ ನನಗಿಲ್ಲ. ಅಪ್ಪನ ಅಂಗಡಿಯ ಹಿಂದಿನ ಕೋಣೆಯಲ್ಲಿ ಎರಡು ವಿಸಿಆರ್ ಅಕ್ಕಪಕ್ಕ ಇದ್ದವು. ಒಂದರಲ್ಲಿ ಓಡುತ್ತಿತ್ತು, ಇನ್ನೊಂದರಲ್ಲಿ ತುಂಬಿಕೊಳ್ಳುತ್ತಿತ್ತು. ಹಬ್ಬದ ವಾರ ಒಂದೇ ಪಿಚ್ಚರಿಗೆ ಹತ್ತು ಜನ ಬಂದರೆ ಏನು ಮಾಡುವುದು? ರಾತ್ರಿಯೆಲ್ಲ ಆ ಕೋಣೆಯಲ್ಲಿ ಹಸಿರು ಅಂಕಿ ಮಿನುಗುತ್ತಿತ್ತು. ಆಗಲೂ ಬೀಗ ಇತ್ತು. ಕೆಲವು ಫಾರಿನ್ ಕ್ಯಾಸೆಟ್‌ಗಳಲ್ಲಿ ಮ್ಯಾಕ್ರೋವಿಷನ್ ಅಂತ ಒಂದು ಉಪಾಯ ಹಾಕಿರುತ್ತಿದ್ದರು. ನೇರ ಟಿವಿಯಲ್ಲಿ ನೋಡಿದರೆ ಏನೂ ತೊಂದರೆ ಇಲ್ಲ. ಕಾಪಿ ಮಾಡಿದರೆ ಎರಡನೇ ವಿಸಿಆರ್ ದಾರಿ ತಪ್ಪಿ, ಚಿತ್ರ ಬೆಳ್ಳಗಾಗುತ್ತದೆ, ಮಬ್ಬಾಗುತ್ತದೆ, ಮತ್ತೆ ಬೆಳ್ಳಗಾಗುತ್ತದೆ. ಅಪ್ಪ ಅದನ್ನು ನೋಡಿ, ‘ಇದು ಉಸಿರಾಡ್ತಿದೆ, ಬಿಡು’ ಅಂತ ಕ್ಯಾಸೆಟ್ ತೆಗೆದಿಡುತ್ತಿದ್ದರು. ಆ ಬೀಗ ಕಳ್ಳನಿಗೆ ಮಾತ್ರ ತೊಂದರೆ ಕೊಡುತ್ತಿತ್ತು. ಇವತ್ತಿನದು ದುಡ್ಡು ಕೊಟ್ಟವನ ಪಂಚೆಯನ್ನೂ ಕಪ್ಪು ಮಾಡುತ್ತದೆ. ನನ್ನ ಸಿಟ್ಟು ಇಷ್ಟೇ.

ಸ್ಕ್ರೀನ್‌ಶಾಟ್ ಕೂಡ ಹಾಗೇ. ಮಗಳಿಗೆ ಚಿತ್ರ ಬಿಡಿಸುವ ಹುಚ್ಚು. ಒಂದು ಪಿಚ್ಚರಿನಲ್ಲಿ ತೊಟ್ಟಿಮನೆಯ ಕಂಬಗಳು ಅವಳಿಗೆ ಇಷ್ಟವಾದವು. ನನ್ನ ಫೋನಿನಲ್ಲಿ ಸ್ಕ್ರೀನ್‌ಶಾಟ್ ಹೊಡೆದಳು, ಪೂರ್ತಿ ಕಪ್ಪು. ಮೇಲೆ ಬ್ಯಾಟರಿಯ ಗುರುತು ಮಾತ್ರ ಬಂದಿತ್ತು. ಕೊನೆಗೆ ಟಿವಿಯಲ್ಲಿ ನಿಲ್ಲಿಸಿ, ಪೆನ್ಸಿಲ್ ಹಿಡಿದು ಎದುರಿಗೆ ಕೂತು ಬಿಡಿಸಿದಳು. ಮುಕ್ಕಾಲು ಗಂಟೆ. ಮನೆಯವಳ ಧಾರಾವಾಹಿ ತಪ್ಪಿತು.

ಇಳಿಸಿಕೊಂಡು ನೋಡುವುದರ ಬಗ್ಗೆ. ಇಳಿಸಿದ ಪಿಚ್ಚರ್ ಫೋನಿನಲ್ಲಿ ಜಾಗ ತಿನ್ನುತ್ತದೆ, ಆದರೆ ಅದು ನಿಮ್ಮದಲ್ಲ. ಪೆನ್‌ಡ್ರೈವ್‌ಗೆ ಹಾಕಲು ಬರುವುದಿಲ್ಲ, ಬೇರೆ ಪ್ಲೇಯರಿನಲ್ಲಿ ತೆರೆಯುವುದಿಲ್ಲ. ಅದು ಸರಿ, ಬಾಡಿಗೆ ಅಂದಮೇಲೆ ಬಾಡಿಗೆ. ನನಗೆ ಕೈಕೊಟ್ಟದ್ದು ಬೇರೆ. ಶಿವಮೊಗ್ಗದಿಂದ ಬೆಂಗಳೂರಿಗೆ ರೈಲು. ಹಿಂದಿನ ರಾತ್ರಿಯೇ ಇಳಿಸಿ ಇಟ್ಟುಕೊಂಡಿದ್ದೆ. ತರೀಕೆರೆ ದಾಟಿದ ಮೇಲೆ ತೆರೆದರೆ, ಪರವಾನಗಿ ನೋಡಬೇಕು, ಇಂಟರ್ನೆಟ್ ಹಾಕಿ ಅಂತು. ಸಿಗ್ನಲ್ ಒಂದು ಗೆರೆ. ಬೀರೂರು ಬಂತು, ಕಡೂರು ಬಂತು, ಚಕ್ರ ತಿರುಗುತ್ತಲೇ ಇತ್ತು. ಅರಸೀಕೆರೆ ಸ್ಟೇಷನ್ನಿನಲ್ಲಿ ಬೀಗ ತೆರೆಯಿತು. ಮೊದಲ ಹಾಡು ಬರುವ ಹೊತ್ತಿಗೆ ತಿಪಟೂರು.

ಇದಕ್ಕೆ ಉಪಾಯ ಏನೆಂದರೆ, ಮನೆಯಲ್ಲೇ ಒಂದು ನಿಮಿಷ ಓಡಿಸಿ, ಏರೋಪ್ಲೇನ್ ಮೋಡ್‌ಗೆ ಹಾಕಿ ಇನ್ನೊಮ್ಮೆ ತೆರೆದು ನೋಡುವುದು. ಆದರೆ ಆ ಒಂದು ನಿಮಿಷಕ್ಕೇ 48 ಗಂಟೆಯ ಗಡಿಯಾರ ಶುರುವಾಗುತ್ತದೆ. ಹೆಚ್ಚು ಕಡೆ ನಿಯಮ ಒಂದೇ: ತಗೊಂಡ ಮೇಲೆ 30 ದಿನದ ಒಳಗೆ ಶುರು ಮಾಡಬೇಕು, ಶುರು ಮಾಡಿದ ಮೇಲೆ 48 ಗಂಟೆಯ ಒಳಗೆ ಮುಗಿಸಬೇಕು. ಈ ವಿಷಯದಲ್ಲಿ ಅಂಗಡಿ ಅಂಗಡಿಗೆ ದೊಡ್ಡ ವ್ಯತ್ಯಾಸ ಹುಡುಕಬೇಡಿ. ಬಾಡಿಗೆ ಒತ್ತುವ ಮೊದಲು ಅಲ್ಲೇ ಬರೆದಿರುತ್ತದೆ, ಅದನ್ನು ಓದಿದರೆ ಸಾಕು.

ಕನ್ನಡ ಪಿಚ್ಚರಿಗೆ ಬರೋಣ. ಇಲ್ಲಿ ಮನಸ್ಸು ಸ್ವಲ್ಪ ಮುದುಡುತ್ತದೆ. ಅಪ್ಪನ ಹತ್ತಿರ ಕೂತು 10 ಹಳೇ ಕನ್ನಡ ಪಿಚ್ಚರಿನ ಪಟ್ಟಿ ಮಾಡಿದೆ. ನಾಲ್ಕೂ ಕಡೆ ಹುಡುಕಿದೆ. ಬಾಡಿಗೆಗೆ ಸಿಕ್ಕಿದ್ದು ಮೂರು. ಉಳಿದವುಗಳಲ್ಲಿ ಕೆಲವು ತಿಂಗಳ ಚಂದಾ ಕಟ್ಟುವ ಕಡೆ ಇವೆ, ಕೆಲವು ಯೂಟ್ಯೂಬಿನಲ್ಲಿ ಬಿಟ್ಟಿಯಾಗಿ ಇವೆ, ಎರಡು ಎಲ್ಲೂ ಇಲ್ಲ. ಆ ಎರಡೂ ನಮ್ಮ ಅಂಗಡಿಯ ಮೂರನೇ ಅಲಮಾರಿಯಲ್ಲಿ ಇದ್ದವು. ಅಪ್ಪನಿಗೆ ನಂಬರ್ ಸಮೇತ ನೆನಪಿದೆ.

ಸಿಕ್ಕ ಮೂರರಲ್ಲಿ ಒಂದು ಎಚ್‌ಡಿ ಅಂತ ಬೋರ್ಡು ಹಾಕಿಕೊಂಡಿತ್ತು. ಟೈಟಲ್ ಕಾರ್ಡ್ ಶುರುವಾಯಿತು. ‘ನಿರ್ದೇಶನ’ ಅನ್ನುವ ಕಡೆ ‘ರ್ದೇಶ’ ಅಂತಿದೆ. ಎಡಗಡೆ ‘ನಿ’ ಇಲ್ಲ, ಬಲಗಡೆ ‘ನ’ ಇಲ್ಲ. ಟಿವಿಗಿಂತ ಅಗಲವಾದ ಸಿನಿಮಾಸ್ಕೋಪ್ ಪಿಚ್ಚರನ್ನು ಟಿವಿಯ ಪರದೆ ತುಂಬ ತರಲು ಎರಡೂ ಬದಿ ಕತ್ತರಿಸಿದ್ದಾರೆ. ಇಬ್ಬರು ಮಾತಾಡುವ ಸೀನಿನಲ್ಲಿ ಒಂದು ಕಡೆ ಮೂಗು, ಇನ್ನೊಂದು ಕಡೆ ಕಿವಿ, ನಡುವೆ ಹೂಕುಂಡ. ಚಿತ್ರವೂ ಹಳೇ ಟೇಪಿನಿಂದ ಎತ್ತಿ ಹಿಗ್ಗಿಸಿದ್ದು ಅಂತ ಕಾಣುತ್ತದೆ, ಮುಖಗಳೆಲ್ಲ ಮೇಣದ ಹಾಗಿವೆ. ಹಳೇ ಗೋಡೆಗೆ ಸುಣ್ಣ ಬಳಿದರೆ ಬಿರುಕು ಹೋಗುತ್ತದಾ? ಇಲ್ಲಿ ಎಲ್‌1, ಎಚ್‌ಡಿಸಿಪಿ ಯಾವುದೂ ಏನೂ ಮಾಡಲಾರದು. ನೆಗೆಟಿವ್ ಹುಡುಕಿ, ತೊಳೆದು, ಸರಿಯಾಗಿ ಸ್ಕ್ಯಾನ್ ಮಾಡಿದರೆ ಮಾತ್ರ ಉದ್ಧಾರ. ಮೂಲೆ ಕತ್ತರಿಸಿದ ಪಿಚ್ಚರಿಗೂ ಅಷ್ಟೇ ಗಟ್ಟಿ ಬೀಗ ಹಾಕಿದ್ದಾರೆ ಅನ್ನುವುದು ನೋಡಿ ನಗು ಬಂತು.

ಕೊಂಡುಕೊಳ್ಳುವುದಾ, ಬಾಡಿಗೆಯಾ ಅಂತ ಕೇಳುವವರಿಗೆ: ಬಾಡಿಗೆ. ‘ಬೈ’ ಅಂತ ಬಟನ್ ಇದ್ದರೂ ನೀವು ಕೊಳ್ಳುವುದು ನೋಡುವ ಪರವಾನಗಿಯನ್ನು ಮಾತ್ರ. ಕ್ಯಾಲಿಫೋರ್ನಿಯಾದಲ್ಲಂತೂ ಇದನ್ನು ಗಿರಾಕಿಗೆ ಸ್ಪಷ್ಟವಾಗಿ ಹೇಳದೆ ‘ಬೈ’ ಅನ್ನಬಾರದು ಅಂತ ಕಾನೂನೇ ಮಾಡಿ, 2025ರಿಂದ ಜಾರಿಗೆ ತಂದಿದ್ದಾರೆ. ₹500 ಕೊಟ್ಟು ಪರವಾನಗಿ ಇಟ್ಟುಕೊಳ್ಳುವುದಕ್ಕಿಂತ ₹100 ಕೊಟ್ಟು ಒಂದು ಸಲ ನೋಡುವುದು ವಾಸಿ.

ನಾನು ಈಗ ಮಾಡುತ್ತಿರುವುದು ಹೀಗೆ. ಇಂಗ್ಲಿಷ್ ಪಿಚ್ಚರ್, ಅದರಲ್ಲೂ ಕಣ್ಣಿಗೆ ಹಬ್ಬ ಅನ್ನುವಂಥದ್ದಾದರೆ ಬಾಮೈದನ ಮನೆಗೆ ಹೋಗುವ ತನಕ ಕಾಯುತ್ತೇನೆ, ಆಪಲ್‌ನಲ್ಲಿ ನೋಡುತ್ತೇನೆ. ಮನೆಮಂದಿಯೆಲ್ಲ ಕೂತು ನೋಡುವ ಮಾಮೂಲಿ ಪಿಚ್ಚರಿಗೆ ಯೂಟ್ಯೂಬ್, ಟಿವಿಯ ಆಪ್‌ನಲ್ಲೇ. ಬೆಲೆ ಕಣ್ಣಿಗೆ ಕಾಣುತ್ತದೆ, ಯುಪಿಐ ಆಗುತ್ತದೆ, ಅಪ್ಪನಿಗೂ ರಿಮೋಟ್ ಅಭ್ಯಾಸ ಆಗಿದೆ. ಥಿಯೇಟರಿನಿಂದ ಈಗಷ್ಟೇ ಇಳಿದ ಪಿಚ್ಚರ್ ಪ್ರೈಮ್ ವಿಡಿಯೋದಲ್ಲಿ ಕೆಲವೊಮ್ಮೆ ಬೇಗ ಬಾಡಿಗೆಗೆ ಬರುತ್ತದೆ, ಆದರೆ ದರ ಜಾಸ್ತಿ ಇರುತ್ತದೆ. ಎರಡು ವಾರ ತಾಳಿದರೆ ಇಳಿಯುತ್ತದಾ ಅಂತ ನೋಡಿ ತಗೊಳ್ಳುತ್ತೇನೆ. ಹೊರದೇಶದ, ಫೆಸ್ಟಿವಲ್ ಥರದ ಪಿಚ್ಚರ್ ಹುಡುಕುವವರು ಬುಕ್‌ಮೈಶೋ ಸ್ಟ್ರೀಮ್ ಒಂದು ಸಲ ನೋಡಿ. ನಾನು ಅಲ್ಲಿ ಒಂದೇ ನೋಡಿದ್ದು, ಟಿವಿಯಲ್ಲಿ ಚೆನ್ನಾಗಿತ್ತು. ಎಸ್‌ಡಿ, ಎಚ್‌ಡಿ ಎರಡು ದರ ಇದ್ದರೆ, ಲ್ಯಾಪ್‌ಟಾಪಿನಲ್ಲಿ ನೋಡುವವರು ಮೊದಲು ಯಾವುದಾದರೂ ಟ್ರೈಲರ್ ಅಲ್ಲ, ಸಹಾಯದ ಪುಟ ನೋಡಿ. ನಿಮ್ಮ ಬ್ರೌಸರಿಗೆ ಎಷ್ಟು ಬಿಡುತ್ತಾರೆ ಅಂತ ಅಲ್ಲಿದೆ. 480 ಅಂತಿದ್ದರೆ ಎಚ್‌ಡಿಗೆ ದುಡ್ಡು ಹಾಕಬೇಡಿ.

ಹನ್ನೊಂದನೇ ಪಿಚ್ಚರ್ ಅಪ್ಪನ ಆಯ್ಕೆ. ₹75. ಹಳೇ ಕನ್ನಡ ಪಿಚ್ಚರ್, ಮೂಲೆ ಕತ್ತರಿಸದೇ ಇದ್ದದ್ದು. ಶುಕ್ರವಾರ ರಾತ್ರಿ ಒಂಬತ್ತಕ್ಕೆ ಹಾಕಿದೆವು, ಅರ್ಧಕ್ಕೆ ಅಪ್ಪನಿಗೆ ನಿದ್ದೆ ಬಂತು. ಶನಿವಾರ ನೆಂಟರು ಬಂದರು. ಭಾನುವಾರ ಸಂಜೆ ಏಳಕ್ಕೆ ಮತ್ತೆ ಹಾಕಿದೆವು. ಎಂಟು ಗಂಟೆಗೆ ಶಿವಮೊಗ್ಗದ ಮಳೆ, ಕರೆಂಟ್ ಹೋಯಿತು. ಬಂದಾಗ ಒಂಬತ್ತೂಕಾಲು. ಟಿವಿ ಹಾಕಿದರೆ ಬಾಡಿಗೆ ಅವಧಿ ಮುಗಿದಿದೆ ಅಂತ ಬಂತು. ಇನ್ನು 22 ನಿಮಿಷ ಬಾಕಿ ಇತ್ತು. ಕ್ಲೈಮ್ಯಾಕ್ಸ್ ಪೂರ್ತಿ ಬಾಕಿ.

ಅಪ್ಪ, ‘ಒಂದು ದಿನ ಲೇಟಾದ್ರೆ ನಾನು ಯಾವತ್ತು ಐದು ರೂಪಾಯಿ ಇಸ್ಕೊಂಡಿದ್ದೀನಿ, ಅದೂ ಮಳೆಗಾಲದಲ್ಲಿ’ ಅಂದರು. ಆಮೇಲೆ ಮಗಳನ್ನು ಕೂರಿಸಿಕೊಂಡು ಕ್ಲೈಮ್ಯಾಕ್ಸ್ ಹೇಳಲು ಶುರು ಮಾಡಿದರು. ಕೋರ್ಟು, ಸಾಕ್ಷಿ, ಗೋಡೌನಿಗೆ ಬೆಂಕಿ, ಕಳೆದುಹೋದ ತಮ್ಮ. ಎದ್ದು ನಿಂತು ವಿಲನ್ ಥರ ನಕ್ಕೂ ತೋರಿಸಿದರು. ಮಾರನೇ ದಿನ ತಡೆಯಲಾರದೆ ಇನ್ನೊಮ್ಮೆ ₹75 ಕೊಟ್ಟು ಆ 22 ನಿಮಿಷ ನೋಡಿದೆ. ಅದರಲ್ಲಿ ಕೋರ್ಟೂ ಇಲ್ಲ, ಬೆಂಕಿಯೂ ಇಲ್ಲ. ನಾಯಕ ತಾಯಿಯ ಕಾಲಿಗೆ ಬೀಳುತ್ತಾನೆ, ಶುಭಂ. ಅಪ್ಪ ಬೇರೆ ಎರಡು ಪಿಚ್ಚರಿನ ಕೊನೆಯನ್ನು ಸೇರಿಸಿ ಹೇಳಿದ್ದರು. ಮಗಳಿಗೆ ಇನ್ನೂ ಹೇಳಿಲ್ಲ.